ದಾಸೋಹದ ಚೀಲ ಮತ್ತು ಒಂಬತ್ತನೇ ತರಗತಿಯ ವಿಜ್ಞಾನ

ಪರಮಾಣುವನ್ನು ನಾನು ಈವರೆಗೆ ಕಂಡಿಲ್ಲ. ಆದರೂ ಎಷ್ಟೋ ವರ್ಷಗಳಿಂದ ಅದರ ಪಾಠ ಮಾಡುತ್ತ ಬಂದಿದ್ದೇನೆ, ಮಕ್ಕಳು ನಂಬುತ್ತ ಬಂದಿದ್ದಾರೆ. ನನ್ನನ್ನು ನನ್ನ ಹೆಂಡತಿ ದಿನಾ ಕಾಣುತ್ತಾಳೆ, ನನ್ನ ಮಾತು ಮಾತ್ರ ನಂಬುವುದಿಲ್ಲ. ಕಣ್ಣಿಗೆ ಕಾಣದೆ ಇರುವುದರಲ್ಲೇ ಒಂದು ಮರ್ಯಾದೆ ಇದೆ ಎಂದು ಈಚೆಗೆ ಅನ್ನಿಸತೊಡಗಿದೆ. ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂಗೆ ನೆಮ್ಮದಿ ಸಿಗುತ್ತದೆ ಎಂದು ಬಸವಕಲ್ಯಾಣದ ಹೈಸ್ಕೂಲೊಂದರಲ್ಲಿ ನಾನೇ ಕಲಿಸುತ್ತೇನೆ. ಸಂಜೆ ಮನೆಗೆ ಬರುವ ಹೊತ್ತಿಗೆ ನಾನೂ ಎಲ್ಲ ಕಳೆದುಕೊಂಡಿರುತ್ತೇನೆ, ನೆಮ್ಮದಿಯ ಸುಳಿವಿಲ್ಲ. ಆ ಹೊತ್ತಿನಲ್ಲಿ ಯಾರು ಏನು ಕೇಳಿದರೂ "ಆಯ್ತು" ಎಂದುಬಿಡುತ್ತೇನೆ. ಅಂಥ ಒಂದು "ಆಯ್ತು" ನನ್ನನ್ನು ನಮ್ಮ ಓಣಿಯ ದಾಸೋಹದ ಕಮಿಟಿಗೆ ಸೇರಿಸಿತು.

ಶ್ರಾವಣದ ಒಂದು ಸೋಮವಾರ ಓಣಿಯವರೆಲ್ಲ ಕೂಡಿ ಬಂದವರಿಗೆ ಊಟ ಹಾಕುತ್ತೇವೆ. ಅದಕ್ಕೆ ಮೊದಲು ಇಬ್ಬರು ಮನೆಮನೆಗೆ ಹೋಗಿ ಕಾಳುಕಡಿ ಕೂಡಿಸಬೇಕು. ಇಂಥದ್ದೇ ಕೊಡಿ ಎನ್ನುವಂತಿಲ್ಲ, ಕೊಟ್ಟದ್ದನ್ನು ತಲೆಬಾಗಿ ತೆಗೆದುಕೊಳ್ಳಬೇಕು. ಜೋಳಕ್ಕೊಂದು, ಅಕ್ಕಿಗೊಂದು, ಬೇಳೆಗೊಂದು ಚೀಲ ಹೊತ್ತು ತಿರುಗುವುದು ರೂಢಿ. ಈ ಸಲ ಶನಿವಾರ ಶಾಲೆ ಬಿಟ್ಟು ಬಂದವನೇ, ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರ್ ಬಂಡೆಪ್ಪ ಕಾಕಾ ಅವರ ಜೊತೆ ಹೊರಟೆ. ಕಾಕಾಗೆ ಮೊಣಕಾಲು ನೋವು, ನನಗೆ ಎಲ್ಲ ಕಡೆ ನೋವು. ಅದೇ ಬೆಳಿಗ್ಗೆ ಒಂಬತ್ತನೇ ತರಗತಿಗೆ ಮಿಶ್ರಣಗಳ ಪಾಠ ಮಾಡಿದ್ದೆ. ಮಿಶ್ರಣದಲ್ಲಿರುವ ವಸ್ತುಗಳು ತಮ್ಮ ಗುಣ ಬಿಟ್ಟುಕೊಡುವುದಿಲ್ಲ, ಅವನ್ನು ಸರಳ ವಿಧಾನಗಳಿಂದ ಬೇರ್ಪಡಿಸಬಹುದು ಎಂಬ ಮಾತು ಇನ್ನೂ ಬಾಯಲ್ಲೇ ಇತ್ತು.

"ಕಾಕಾ, ಇಷ್ಟ ಚೀಲ ಯಾಕ ಹೊರೂದು? ಎಲ್ಲಾ ಒಂದರಾಗ ಹಾಕ್ರಿ. ಮನಿಗಿ ಹೋಗಿ ನಾ ಬ್ಯಾರೆ ಮಾಡ್ತೀನಿ" ಎಂದೆ.

"ಬ್ಯಾರೆ ಆಗ್ತಾವೇನ್ರಿ ಸರ?"

"ಅದಕ್ಕ ಸೈನ್ಸ್ ಐತ್ರಿ."

"ಹಂಗಾರ ಫಿಕರ್ ಇಲ್ಲ ಬಿಡ್ರಿ" ಎಂದು ಕಾಕಾ ಉಳಿದ ಚೀಲಗಳನ್ನು ಮಡಚಿ ಬಗಲಿಗೆ ಸೇರಿಸಿದರು. ಜೋಳ ಬಿತ್ತು, ಅಕ್ಕಿ ಬಿತ್ತು, ತೊಗರಿಬೇಳೆ, ಕಡಲೆಬೇಳೆ, ಗೋಧಿ ಬಿದ್ದವು. ಮೂಲೆಮನೆಯ ಅಜ್ಜಿ ಜೋಳದ ಹಿಟ್ಟು ಹಾಕಿದಳು. ಒಬ್ಬರು ಸಕ್ಕರೆ ಹಾಕಿದರು. ಕೊನೆಯ ಮನೆಯವರು ಬೇರೇನೂ ಇಲ್ಲವೆಂದು ಸಂಕೋಚಪಡುತ್ತ ಉಪ್ಪು ಸುರಿದರು.

ಮರುದಿನ ಭಾನುವಾರ ಹುಮನಾಬಾದಿನಲ್ಲಿ ನನ್ನ ಹೆಂಡತಿ ಶಶಿಕಲಾಳ ತಂಗಿಯ ಸೀಮಂತದ ಕುಬಸ. ಇರುವವಳು ಒಬ್ಬಳೇ ತಂಗಿ, ಚೊಚ್ಚಲ ಬಸುರಿ. ಹಸಿರು ಸೀರೆ, ಹಸಿರು ಬಳೆ ಎಂದು ಶಶಿಕಲಾ ತಿಂಗಳಿಂದ ಅಂಗಡಿ ಸುತ್ತಿದ್ದಳು. ಹತ್ತರ ಬಸ್ಸಿಗೆ ಹೊರಡಬೇಕಾದವಳು ಬೆಳಿಗ್ಗೆ ಚೀಲದ ಬಾಯಿ ಬಿಚ್ಚಿ ನೋಡಿದಳು.

"ಇದೇನ್ರಿ?"

"ಮಿಶ್ರಣ."

"ಯಾರ ಮಾಡ್ಯಾರ?"

ಪಠ್ಯಪುಸ್ತಕದಲ್ಲಿ ಈ ಪ್ರಶ್ನೆ ಬರುವುದಿಲ್ಲ. "ನೀ ಹೋಗು, ನಾ ನೋಡ್ಕೋತೀನಿ" ಎಂದೆ.

ಮೊದಲು ಜರಡಿ ಹಿಡಿದೆ. ಹಿಟ್ಟು, ಸಕ್ಕರೆ, ಉಪ್ಪು ಮೂರೂ ಕೂಡಿಯೇ ಕೆಳಗಿಳಿದವು. ನೀರಿಗೆ ಹಾಕಿ ಸೋಸಿದರೆ ಹಿಟ್ಟು ಉಳಿಯುತ್ತದೆ, ಆದರೆ ಉಪ್ಪೂ ಸಕ್ಕರೆಯೂ ಒಟ್ಟಿಗೇ ಕರಗುತ್ತವೆ. ಅವೆರಡನ್ನು ಬಿಡಿಸಲು ಪುಸ್ತಕ ಹೇಳುವುದು ಸ್ಪಿರಿಟ್. ದಾಸೋಹದ ಕಾಳಿಗೆ ಸ್ಪಿರಿಟ್ ಹಾಕಿದ ಮಾಸ್ತರ ಎಂದು ಹೆಸರಾದರೆ ನಾನೇ ಕೈಮುಗಿದು ಹುಲಸೂರಿಗೆ ವರ್ಗ ಮಾಡಿಸಿಕೊಳ್ಳಬೇಕಾಗುತ್ತದೆ. ತೂರಿ ನೋಡೋಣವೆಂದು ಟೇಬಲ್ ಫ್ಯಾನ್ ಹಚ್ಚಿದೆ. ಉಳಿದಿದ್ದ ಹಿಟ್ಟೆಲ್ಲ ಎದ್ದು ಟೀವಿ, ದೇವರ ಜಗಲಿ, ತಂಗಿಗೆಂದು ತಂದಿಟ್ಟ ಹಸಿರು ಸೀರೆ ಯಾವುದನ್ನೂ ಬಿಡದೆ ಕೂತಿತು. ಕಾಳುಗಳು ಕದಲಲಿಲ್ಲ. ಇನ್ನು ಕೈಯಿಂದ ಆರಿಸುವ ವಿಧಾನವೊಂದೇ ಬಾಕಿ.

ಶಶಿಕಲಾ ಬೈಯಲಿಲ್ಲ. ಸೀರೆ ಕೊಡವಿ ಮಡಚಿಟ್ಟು, ಸೆರಗು ಸಿಕ್ಕಿಸಿಕೊಂಡು, ಅಗಲ ಪರಾತದಲ್ಲಿ ಕಾಳು ಸುರಿದುಕೊಂಡು ಕೂತಳು. ನಾನು ಹೋಗೆಂದೆ. "ನಾಳೆ ಮಂದಿ ಉಣ್ಣೂದದ. ಹಿಂಗ ಬಿಟ್ಟು ಹ್ಯಾಂಗ ಹೋಗಲ್ರಿ?" ಎಂದಳು. ಹತ್ತರ ಬಸ್ಸು ಹೋಯಿತು. ತಂಗಿಯ ಫೋನು ಬಂತು. "ಹೊಂಟೀನವ್ವ, ಹೊಂಟೇ ಬಿಟ್ಟೀನಿ" ಎಂದು ಬೇಳೆ ಆರಿಸುತ್ತಲೇ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಒಂದು ಡಬ್ಬಿ ತೊಗರಿಬೇಳೆ ಬೇರೆಯಾಗಿತ್ತು, ಚೀಲ ಹಾಗೇ ಕೂತಿತ್ತು. ಕೊನೆಗೆ ಅವಳ ಮುಂದಿನ ಪರಾತ ಕಸಿದು, ನಾನೇ ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದೆ.

ಮನೆಗೆ ಬಂದರೆ ಬಾಗಿಲಲ್ಲಿ ಬಂಡೆಪ್ಪ ಕಾಕಾ ನಿಂತಿದ್ದರು. ಒಳಗಿನ ಅವಸ್ಥೆ ನೋಡಿ, "ಇಷ್ಟ್ಯಾಕ ಒದ್ದಾಡಾಕತ್ತೀರಿ ಸರ? ಎಲ್ಲಾ ಗಿರಣಿಗಿ ಒಯ್ದು ಬೀಸಿಸಿದ್ರ ಆತು. ಹ್ಯಾಂಗೂ ನಾಳೆ ಓಣಿ ಹೆಣ್ಮಕ್ಕಳು ರೊಟ್ಟಿ ಮಾಡೋರ ಇದ್ದಾರ" ಎಂದರು.

"ಇದನ್ನ ನಿನ್ನೆ ಯಾಕ ಹೇಳಲಿಲ್ಲ ಕಾಕಾ?"

"ನೀವು ಸೈನ್ಸ್ ಐತಿ ಅಂದ್ರಲ್ರಿ."

ಹಾಗೆನ್ನುತ್ತ ಅವರು ಶಶಿಕಲಾ ಆರಿಸಿಟ್ಟ ಡಬ್ಬಿಯ ತೊಗರಿಬೇಳೆಯನ್ನು ತಿರುಗಿ ಚೀಲಕ್ಕೆ ಸುರಿದರು. ಜರಡಿಯಿಂದ ಇಳಿದ ಹಿಟ್ಟು, ಉಪ್ಪು, ಸಕ್ಕರೆಯನ್ನೂ ಮೇಲೆ ಹಾಕಿದರು. ನಾನು ಚೀಲದ ಬಾಯಿ ಕಟ್ಟಿದೆ.

ಸೋಮವಾರದ ರೊಟ್ಟಿ ತುಸು ಹರಿಯುತ್ತಿತ್ತು, ತುಸು ಉಪ್ಪಾಗಿತ್ತು, ತುಸು ಸಿಹಿಯೂ ಇತ್ತು. ಮಂದಿ ಕೇಳಿ ಕೇಳಿ ಹಾಕಿಸಿಕೊಂಡು ಉಂಡರು. ಯಾವುದಕ್ಕೆ ಯಾವುದು ಎಷ್ಟು ಹಾಕಿದ್ದೀರಿ ಎಂದು ನಾಲ್ಕಾರು ಹೆಂಗಸರು ಅಳತೆ ಕೇಳಿದರು. ಮಿಶ್ರಣಕ್ಕೆ ನಿಶ್ಚಿತ ಪ್ರಮಾಣ ಇರುವುದಿಲ್ಲ ಎಂದು ವಿವರಿಸಿದೆ. ಮಾಸ್ತರರು ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ಮುಖ ಸಿಂಡರಿಸಿಕೊಂಡು ಹೋದರು.

ಸಂಜೆ ಶಶಿಕಲಾ ಹುಮನಾಬಾದಿನಿಂದ ಬಂದಳು. ಚಪ್ಪಲಿ ಬಿಡುವ ಮೊದಲೇ ರೊಟ್ಟಿಯ ಸುದ್ದಿ ಹೇಳಿದೆ. "ಛಲೋ ಆತ್ರಿ" ಎಂದು ಮೊಬೈಲ್ ನನ್ನ ಕೈಗೆ ಕೊಟ್ಟಳು. ಕುಬಸದ ಫೋಟೋ. ನಡುವೆ ತಂಗಿ, ಸುತ್ತ ಸೋದರತ್ತೆಯರು, ದೊಡ್ಡಮ್ಮ, ಚಿಕ್ಕಮ್ಮ, ಪಕ್ಕದ ಮನೆಯ ಹುಡುಗಿಯರು ಕೂಡ ಒಬ್ಬರ ಮೈಮೇಲೊಬ್ಬರು ಬಿದ್ದು ನಗುತ್ತಿದ್ದರು.

"ನೀ ಎಲ್ಲಿದ್ದಿ ಇದರಾಗ?"

"ನಾ ಹೋಗೂದ್ರಾಗ ಆರತಿ ಆಗಿತ್ತು. ಫೋಟೋನೂ ಆಗಿತ್ತು" ಎಂದು ಅವಳು ಕೈಕಾಲು ತೊಳೆಯಲು ಒಳಗೆ ಹೋದಳು.

ನಾನು ಫೋಟೋ ದೊಡ್ಡದು ಮಾಡಿ, ಒಂದೊಂದೇ ಮುಖ ದಾಟಿಸುತ್ತ ನೋಡಿದೆ. ಅಷ್ಟು ಜನ ಒತ್ತಿ ನಿಂತ ಆ ಗುಂಪಿನಿಂದ ಅವಳೊಬ್ಬಳನ್ನು ನಾನು ಒಂದು ಕೂದಲೆಳೆಯೂ ಉಳಿಯದಂತೆ ಬೇರ್ಪಡಿಸಿದ್ದೆ.