ಅಗ್ಗದ ಮಂಗಳವಾರ

ಮಾರ್ಚ್ ಒಂಬತ್ತರಂದು ಸೋಯ್ಲಾ ಸರಾಂಗೊ ಮ್ಯಾಡ್ರಿಡ್ಡಿನ ಅಗ್ಗದ ಟಿಕೆಟ್ಟು ಬೇಡವೆಂದಳು.

ಅವಳಿಗೆ ಅದು ಬೇಕಿತ್ತು. ಮಗಳು ಮರ್ಲೇನೆ ಮ್ಯಾಡ್ರಿಡ್ಡಿನಲ್ಲಿ ತುಂಬು ಬಸುರಿ. ಚೊಚ್ಚಲು. ಡಾಕ್ಟರು ಏಪ್ರಿಲ್ ಇಪ್ಪತ್ತು ಎಂದಿದ್ದರು. ನಮ್ಮಲ್ಲಿ ಬಾಣಂತಿಗೆ ನಲವತ್ತು ದಿನ ನಾಟಿ ಕೋಳಿ ಸಾರು ಕುಡಿಸಬೇಕು. ತಾಯಿಯೇ ಕುಡಿಸಬೇಕು. ಹಂದಿ ಮಾರಿ ಸೋಯ್ಲಾ ಹೊಂದಿಸಿದ್ದು ಆರುನೂರು ಡಾಲರ್. ನಮಗೆ ಹತ್ತಿರದ ವಿಮಾನ ನಿಲ್ದಾಣ ಗ್ವಾಯಾಕಿಲ್ಲಿನಿಂದ ಸಾಗರ ದಾಟಿಸಲು ಅಷ್ಟಕ್ಕೆ ಒಪ್ಪುತ್ತಿದ್ದದ್ದು ಮಂಗಳವಾರದ ವಿಮಾನ ಮಾತ್ರ. ಉಳಿದ ದಿನ ಸಾವಿರದ ನೂರು.

ಮಂಗಳವಾರ ಅಗ್ಗ, ಏಕೆಂದರೆ ಅಂದು ಯಾರೂ ಹತ್ತುವುದಿಲ್ಲ. ಮಂಗಳವಾರ ಮದುವೆಯಾಗಬೇಡ, ಹಡಗು ಹತ್ತಬೇಡ ಎಂದು ಹಿರಿಯರು ಹೇಳಿ ಹೋಗಿದ್ದಾರೆ.

"ಹಡಗು ಅಂದಿದಾರೆ ಅಜ್ಜಿ. ಇದು ವಿಮಾನ," ಎಂದ ವಿತಾಲಿಯಾನೊ. ಚೌಕದ ಟಿಕೆಟ್ ಅಂಗಡಿ ಅವನದು. ಪುರಸಭೆಯ ಸದಸ್ಯನೂ ಹೌದು. ಅಧ್ಯಕ್ಷ ಎರಿಬೆರ್ತೊ ಅವರ ಹೆಂಡತಿಯ ಅಣ್ಣನೂ ಹೌದು.

"ಹಡಗು ಮುಳುಗಿದ್ರೆ ಈಜಬಹುದು. ಇದರಿಂದ ಬಿದ್ರೆ?"

"ಈ ಕಾಲದಲ್ಲೂ ಅದನ್ನೆಲ್ಲ ನಂಬ್ತೀರಾ?"

"ನಿನ್ನ ತಂಗಿ ಮದುವೆ ಯಾವತ್ತಾಯ್ತು?"

"ಮಂಗಳವಾರ."

"ಎರಿಬೆರ್ತೊ ಮುಖ ನೋಡಿದೀಯಾ?"

ವಿತಾಲಿಯಾನೊ ವಿಷಯವನ್ನು ಪುರಸಭೆಗೆ ತಂದ.

ನಾನು ಅಲ್ಲಿ ಕಾರ್ಯದರ್ಶಿ. ನಡಾವಳಿ ನನ್ನ ಕೈಬರಹದಲ್ಲೇ ಇದೆ. ಮ್ಯಾಡ್ರಿಡ್ಡಿನಲ್ಲಿ ಮಕ್ಕಳಿರುವ ಅಜ್ಜಿಯರು ಊರಿನಲ್ಲಿ ನಲವತ್ತಮೂರು ಜನ. ವಿಮಾನದ ದರ ಇಳಿಸುವ ಅಧಿಕಾರ ಪುರಸಭೆಗಿಲ್ಲ. ಜನರ ನಂಬಿಕೆ ಬದಲಿಸುವ ಶಕ್ತಿಯೂ ಇಲ್ಲ. ಉಳಿದದ್ದು ಮಂಗಳವಾರ ಒಂದೇ. ಅದು ಊರ ಗಡಿಯೊಳಗೆ ಬರುತ್ತದೆ ಎಂದು ಸಭೆ ಅಭಿಪ್ರಾಯಪಟ್ಟಿತು.

ನಿರ್ಣಯ ಮೂವತ್ತೊಂದು ಹೀಗಿತ್ತು:

"ಪುರಸಭೆಯ ಎಲ್ಲೆಯೊಳಗೆ ಇನ್ನು ಮುಂದೆ ಮಂಗಳವಾರವನ್ನು ಬುಧವಾರವೆಂದೂ, ಬುಧವಾರವನ್ನು ಮಂಗಳವಾರವೆಂದೂ ಪರಿಗಣಿಸತಕ್ಕದ್ದು. ಪ್ರಯಾಣಿಕರು ಐದು ಡಾಲರ್ ಶುಲ್ಕ ಪಾವತಿಸಿ ದಿನ ದೃಢೀಕರಣ ಪತ್ರ ಪಡೆಯತಕ್ಕದ್ದು. ಸದರಿ ಪತ್ರ ವಿತಾಲಿಯಾನೊ ಅವರ ಅಂಗಡಿಯಲ್ಲಿ ಮಾತ್ರ ದೊರೆಯುವುದು."

ಪಾದ್ರಿಗಳು ಎದ್ದು, ಹಣೆಗೆ ಬೂದಿ ಹಚ್ಚಿ ಉಪವಾಸದ ಕಾಲ ಶುರುಮಾಡುವ ಬೂದಿ ಬುಧವಾರದ ಗತಿಯೇನು ಎಂದು ಕೇಳಿದರು. ಈ ವರ್ಷದ್ದು ಮುಗಿದಿದೆ ಎಂದು ಉತ್ತರಿಸಲಾಯಿತು. ಅವರು ಕುಳಿತರು.

ಬುಧವಾರದ ಸಂತೆಗೆ ಗುಡ್ಡದಿಂದ ಈರುಳ್ಳಿ ತಂದವರಿಗೆ, ಸಂತೆ ನಿನ್ನೆಯೇ ಆಯಿತೆಂದು ತಿಳಿಸಲಾಯಿತು. ಅವರು ಸುತ್ತ ನೋಡಿದರು. ಜನ ಕೊಳ್ಳುತ್ತಿದ್ದರು. ಅವರು ಮಾರಿದರು. ಅಕಾಲದಲ್ಲಿ ಮಾರಿದ್ದಕ್ಕೆ ದಂಡ ತೆತ್ತು ಹೋದರು.

ಸೋಯ್ಲಾ ನಿರ್ಣಯದ ಪ್ರತಿಯನ್ನು ಬೆಳಕಿಗೆ ಹಿಡಿದು ಮುದ್ರೆ ನೋಡಿದಳು. ಅವಳಿಗೆ ತೃಪ್ತಿಯಾಯಿತು. ಒಂದು ವಾರ ಯೋಚಿಸಿ ಟಿಕೆಟ್ ಅಂಗಡಿಗೆ ಹೋದಳು. ಅಷ್ಟರಲ್ಲಿ ಉಳಿದ ನಲವತ್ತೆರಡು ಅಜ್ಜಿಯರೂ ಕೊಂಡಿದ್ದರು. ಸುತ್ತಲಿನ ಮೂರು ಊರಿನವರೂ ನಮ್ಮಲ್ಲಿಗೆ ಬಂದು ಪತ್ರ ಮಾಡಿಸಿಕೊಂಡಿದ್ದರು. ಮಂಗಳವಾರ ಇಷ್ಟು ಜನ ಹತ್ತುವುದನ್ನು ಕಂಡ ವಿಮಾನದವರು ಆ ದಿನದ ದರವನ್ನು ಸಾವಿರದ ಇನ್ನೂರೈವತ್ತಕ್ಕೆ ಏರಿಸಿದ್ದರು. ಖಾಲಿ ಬಿದ್ದ ಬುಧವಾರವನ್ನು ಐನೂರ ಎಂಬತ್ತಕ್ಕೆ ಇಳಿಸಿದ್ದರು.

"ಅದೃಷ್ಟ ಅಜ್ಜಿ ನಿಮ್ಮದು," ಎಂದ ವಿತಾಲಿಯಾನೊ. "ಬುಧವಾರ ಇನ್ನೂ ಅಗ್ಗ."

"ಯಾವ ಬುಧವಾರ?"

"ಲೋಕದ ಬುಧವಾರ. ಏಪ್ರಿಲ್ ಹದಿನೈದು."

"ನಮ್ಮೂರಲ್ಲಿ ಅದೇನು?"

ವಿತಾಲಿಯಾನೊ ಸ್ವಲ್ಪ ಹೊತ್ತು ಪೆನ್ನು ಹುಡುಕಿದ.

"ಮಂಗಳವಾರ."

"ಮಂಗಳವಾರ ನಾನು ಹತ್ತಲ್ಲ."

"ಅಯ್ಯೋ, ಅದು ನಿಜವಾದ ಮಂಗಳವಾರ ಅಲ್ಲ ಅಜ್ಜಿ!"

"ಮುದ್ರೆ ಹಾಕಿದೀರಲ್ಲೋ. ಸುಳ್ಳು ಮುದ್ರೆನಾ? ಹಂಗಂತ ಬರ್ಕೊಡು."

ಅವನು ಬರೆದುಕೊಡಲಿಲ್ಲ. ಅದುವರೆಗೆ ಇನ್ನೂರು ಪತ್ರ ಮಾರಿದ್ದ.

ನಿರ್ಣಯವನ್ನು ರದ್ದು ಮಾಡೋಣವೆಂದು ಅಧ್ಯಕ್ಷರು ಹೇಳಿದರು. ರದ್ದು ಮಾಡಲು ಸಭೆ ಸೇರಬೇಕು. ಪುರಸಭೆ ಸೇರುವುದು ಮಂಗಳವಾರ. ಹಳೆಯ ಮಂಗಳವಾರ ಮೂವರು ಸದಸ್ಯರು ಬಂದರು. ಹೊಸ ಮಂಗಳವಾರ ಉಳಿದ ಮೂವರು ಬಂದರು. ಎರಡು ದಿನವೂ ಕೋರಂ ಇರಲಿಲ್ಲ. ಎರಡು ದಿನದ ಭತ್ಯೆಯನ್ನೂ ಪಾವತಿಸಲಾಯಿತು. ಮರುವಾರವೂ ಹೀಗೇ ಆಯಿತು. ಸದಸ್ಯರಿಗೆ ಈ ವ್ಯವಸ್ಥೆ ಒಗ್ಗಿತು.

ಸೋಯ್ಲಾ ಪುರಸಭೆಯ ಬಾಗಿಲಲ್ಲಿ ಕುಳಿತಳು. ಸಾರಿಗೆಂದು ಸಾಕಿದ್ದ ಕೋಳಿಯನ್ನು ಅಲ್ಲೇ ಕಂಬಕ್ಕೆ ಕಟ್ಟಿದಳು.

"ಎರಿಬೆರ್ತೊ, ನನ್ನ ಮಗಳಿಗೆ ಬಾಣಂತನ ನೀನು ಮಾಡ್ತೀಯೇನೋ?"

"ಕಾಲಾವಕಾಶ ಕೊಡಿ ಅಜ್ಜಿ."

"ನನ್ನನ್ನ ಯಾಕೆ ಕೇಳ್ತೀಯ? ಹೊಟ್ಟೆ ನನ್ನದಲ್ಲ. ಅವಳನ್ನ ಕೇಳು."

ಅಧ್ಯಕ್ಷರಿಗೆ ಇದು ಸರಿಯೆನಿಸಿತು. ಮರುದಿನ ಮ್ಯಾಡ್ರಿಡ್ಡಿಗೆ ಪತ್ರ ಹೋಯಿತು: "ಆಡಳಿತಾತ್ಮಕ ಕಾರಣಗಳಿಂದಾಗಿ ತಮ್ಮ ಹೆರಿಗೆಯನ್ನು ಮೇ ಐದರವರೆಗೆ ಮುಂದೂಡಬೇಕಾಗಿ ಈ ಮೂಲಕ ಕೋರಲಾಗಿದೆ. ತಪ್ಪಿದಲ್ಲಿ ಕಚೇರಿ ಜವಾಬ್ದಾರಿಯಲ್ಲ."

ಮರ್ಲೇನೆ ತಾಯಿಗೆ ಫೋನು ಮಾಡಿದಳು. ಸೋಯ್ಲಾ ಕಚೇರಿಯ ಬಾಗಿಲಲ್ಲೇ ಸ್ಪೀಕರ್ ಹಾಕಿ ಮಾತಾಡಿದ್ದರಿಂದ ಎಲ್ಲರಿಗೂ ಕೇಳಿಸಿತು.

"ಅಮ್ಮಾ, ನಿಮ್ಮ ಅಧ್ಯಕ್ಷರಿಗೆ ತಲೆ ನೆಟ್ಟಗಿದೆಯಾ?"

"ಮುದ್ರೆ ಇದೆ ತಾನೆ?"

"ಇದೆ."

"ಹಂಗಾದ್ರೆ ಸ್ವಲ್ಪ ತಡ್ಕೊಳೇ. ಮೆಟ್ಲು ಹತ್ತಬೇಡ."

ಮೇ ಐದರವರೆಗೆ ಸಮಯವಿದೆಯೆಂದು ಸೋಯ್ಲಾ ಕೋಳಿ ಬಿಚ್ಚಿಕೊಂಡು ಮನೆಗೆ ಹೋದಳು.

ಮಗು ಏಪ್ರಿಲ್ ಇಪ್ಪತ್ತಕ್ಕೆ ಹುಟ್ಟಿತು. ಹೆಣ್ಣು. ಪತ್ರದ ಪ್ರಕಾರ ಹದಿನೈದು ದಿನ ಮೊದಲು. ಅಧ್ಯಕ್ಷರ ಆದೇಶದಂತೆ, ದಿನ ತುಂಬದೆ ಹುಟ್ಟಿದ ಮಗು ಎಂದು ನಾನು ದಾಖಲಿಸಿದೆ. ಊರಿನವರು ಮರುಗಿದರು. ಪಾದ್ರಿಗಳು ಮಗುವಿನ ಆಯುಷ್ಯಕ್ಕಾಗಿ ಪ್ರಾರ್ಥಿಸಿದರು. ಸೋಯ್ಲಾ ಅತ್ತಳು. ಆಮೇಲೆ ದಿನ ತುಂಬದ ಮಗುವಿನ ಅಳತೆಗೆ ಉಣ್ಣೆಯ ಟೋಪಿ ಹೆಣೆದು ಅಂಚೆಗೆ ಹಾಕಿದಳು.

ಮಗುವಿನ ತೂಕ ನಾಲ್ಕು ಕಿಲೊ. ಟೋಪಿ ತಲೆಗೆ ಇಳಿಯಲಿಲ್ಲ.