ದೋರನಹಳ್ಳಿಯಲ್ಲಿರುವ ಸಮುದ್ರವನ್ನು ತೆರವುಗೊಳಿಸುವ ಬಗ್ಗೆ

ಸಿಹಿನೀರು ಮತ್ತು ಉಪ್ಪುನೀರು ವಿಭಾಗ, ಯಾದಗಿರಿ
ಸಂಖ್ಯೆ: ಸಿಉನೀ/ಸಮುದ್ರ/00/2024-25

ವಿಷಯ: ದೋರನಹಳ್ಳಿ ಶಾಲೆಯ ಅಡುಗೆಮನೆಗೆ ಸಿಹಿನೀರಿನ ಪೈಪು ಕೋರಿರುವ ಕುರಿತು.

ಉಲ್ಲೇಖ: 1) ಬಿಸಿಯೂಟದ ಅಡುಗೆಯವರಾದ ಶ್ರೀಮತಿ ಮೋನಮ್ಮ ಅವರ ಅರ್ಜಿ.
2) ಅದೇ ಅರ್ಜಿ, ಮತ್ತೊಮ್ಮೆ.
3) ಕಚೇರಿಯ ಬಾಗಿಲಲ್ಲಿ ಕುಳಿತ ಸ್ವತಃ ಮೋನಮ್ಮ.

ಬಾವಿಗಳಿಗೆ ಸಮುದ್ರದ ನೀರು ನುಗ್ಗುವುದನ್ನು ಪತ್ತೆ ಹಚ್ಚಲು ಕರಾವಳಿಗೆಂದು ಅಚ್ಚು ಹಾಕಿಸಿದ ನಮೂನೆಗಳು ಮಿಕ್ಕಿದ್ದರಿಂದ ಈ ಜಿಲ್ಲೆಗೂ ಹಂಚಲಾಗಿತ್ತು. ಶಾಲೆಯ ಬೋರ್‌ವೆಲ್ ನೀರು ಸವಳು ಎಂದು ದಾಖಲಿಸಿದ ಗುಮಾಸ್ತ ಕಾಂತೇಶ ಅವರು 'ಸಮುದ್ರದಿಂದ ಇರುವ ದೂರ' ಎಂಬ ಕಾಲಂ ಖಾಲಿ ಬಿಟ್ಟರು. ಕಂಪ್ಯೂಟರು ಅದನ್ನು ಸೊನ್ನೆ ಎಂದು ಓದಿತು. ಅಂದಿನಿಂದ ಸದರಿ ಗ್ರಾಮವು ಕಡಲತೀರವಾಗಿದ್ದು, ತೀರದಲ್ಲಿ ನೆಲ ಅಗೆಯುವಂತಿಲ್ಲವಾದ್ದರಿಂದ ಪೈಪಿನ ಅರ್ಜಿ ತಿರಸ್ಕೃತವಾಯಿತು. ಆದಕಾರಣ ಗ್ರಾಮಸ್ಥರಿಗೆ ಈ ಕೆಳಗಿನಂತೆ ತಿಳಿಯಪಡಿಸಿದೆ:

1. ಬೋರ್ ಚಾಲೂ ಮಾಡುವವರು ಎರಡು ಕೊಡಕ್ಕೊಮ್ಮೆ ಪಂಪು ನಿಲ್ಲಿಸಿ, ಎತ್ತಿದ ನೀರಿನ ಜಾಗಕ್ಕೆ ಸಮುದ್ರ ಬರುತ್ತಿದೆಯೇ ಎಂದು ಪಶ್ಚಿಮಕ್ಕೆ ನೋಡತಕ್ಕದ್ದು.

2. ತೊಗರಿ ಹೊಲಕ್ಕೆ ಹೋದವರು ಸಂಜೆಯೊಳಗೆ ದಡ ಸೇರತಕ್ಕದ್ದು.

3. ಉಬ್ಬರದ ವೇಳೆ ಎಮ್ಮೆಗಳನ್ನು ಎತ್ತರದಲ್ಲಿ ಕಟ್ಟತಕ್ಕದ್ದು. ಉಬ್ಬರದ ವೇಳೆ ಯಾವುದೆಂದು ಎಮ್ಮೆಗಳಿಗೆ ಪ್ರತ್ಯೇಕವಾಗಿ ತಿಳಿಸಲಾಗುವುದು.

4. ಸ್ಥಳ ಪರಿಶೀಲನೆಯ ವೇಳೆ ಮೋನಮ್ಮ ನೀಡಿದ ಹೇಳಿಕೆ ಯಥಾವತ್ತಾಗಿ ಹೀಗಿದೆ: "ಸಮುದ್ರ ನಾ ಟಿವಿದಾಗ ನೋಡೀನ್ರಿ ಸಾಹೇಬ್ರ. ಈ ಸವಳ ನೀರಾಗ ಮುಂಜಾನಿ ಏಳಕ್ಕ ಇಟ್ಟ ಬ್ಯಾಳಿ ಹನ್ನೆರಡಾದ್ರೂ ಬೇಯವಲ್ದು. ಹುಡುಗ್ರು ಉಣ್ಣದ ಹಂಗೇ ಎದ್ದು ಹೋಗ್ತಾವ. ನನ್ನ ಹೊಟ್ಟಿ ಉರೀತದ್ರಿ. ನೀವ ಒಂದ್ ತುತ್ತು ತಿಂದ್ ನೋಡ್ರಿ." ಅದರಂತೆ ತಿಂದು ನೋಡಿದ ಅಧಿಕಾರಿಗಳು ದವಡೆಯ ಹಲ್ಲಿನ ನಿಮಿತ್ತ ರಜೆಯಲ್ಲಿದ್ದಾರೆ. ಮಕ್ಕಳು ಹಸಿದು ಏಳುತ್ತಿರುವುದಕ್ಕೆ ಇಲಾಖೆಯು, ನಿಯಮದಲ್ಲಿ ಅವಕಾಶವಿಲ್ಲದಿದ್ದರೂ, ಮರುಗಿದೆ.

5. ಒಮ್ಮೆ ಬಿದ್ದ ಸೊನ್ನೆಯನ್ನು ತಿದ್ದಲು ಬರುವುದಿಲ್ಲ. ಆದರೆ ಸಮುದ್ರವು ತಾನಾಗಿ ಹೊರಟುಹೋದಲ್ಲಿ ಇಲಾಖೆಯ ಆಕ್ಷೇಪವಿಲ್ಲ. ಅದು ಹೋದದ್ದನ್ನು ಕಣ್ಣಾರೆ ಕಂಡವರ ಹೇಳಿಕೆ ಕೋರಲಾಗಿ, ಮೋನಮ್ಮ ಎದ್ದು ನಿಂತು, "ಹೋಗ್ಯದ್ರಿ. ನಿನ್ನಿ ನಾನೇ ಶಹಾಪುರ ಬಸ್ಸಿಗಿ ಹತ್ತಿಸಿ ಬಂದೀನಿ" ಎಂದು ಸಹಿ ಮಾಡಿಕೊಟ್ಟಿರುತ್ತಾರೆ.

6. ಸದರಿ ಹೇಳಿಕೆಯನ್ನು ಸಂತೋಷದಿಂದ ಅಂಗೀಕರಿಸಿ, ಪೈಪು ಮಂಜೂರು ಮಾಡಲಾಗಿದೆ. ಕ್ರಮಾಂಕ 1ರಿಂದ 3 ರದ್ದು.

(ಸಹಿ ಇದೆ)
ಸಮುದ್ರಾಧಿಕಾರಿ (ಪ್ರಭಾರ)

ಪ್ರತಿಗಳು:
1. ಕಾಂತೇಶ, ಗುಮಾಸ್ತರು: ಇನ್ನು ಮುಂದೆ ಯಾವ ಕಾಲಮ್ಮನ್ನೂ ಖಾಲಿ ಬಿಡದಿರಲು.
2. ಶಹಾಪುರ ಬಸ್ಸಿನ ಕಂಡಕ್ಟರ್: ಸಮುದ್ರವು ಟಿಕೆಟ್ ಪಡೆದಿತ್ತೇ ಎಂದು ವರದಿ ಸಲ್ಲಿಸಲು.
3. ಎಮ್ಮೆಗಳು: ಮಾಹಿತಿಗಾಗಿ.
4. ಶ್ರೀಮತಿ ಮೋನಮ್ಮ: ಸೋಮವಾರದಿಂದ ಏಳಕ್ಕಲ್ಲ, ಹನ್ನೊಂದಕ್ಕೆ ಬೇಳೆ ಇಡಲು.