ಲೈನ್ ಅಂಪೈರ್ ಮಸ್ತಾನಸಾಬ್

ಆ ಭಾನುವಾರ ಫಕ್ರುನ್ನೀಸಾ ತನ್ನ ಗಂಡ ಮಸ್ತಾನಸಾಬನ ಕೆಂಪು ಜರ್ಸಿಯನ್ನು ಬಕೆಟ್ಟಿನಲ್ಲಿ ನೆನೆಹಾಕದೇ ಇದ್ದಿದ್ದರೆ ಅವನು ಬಿಳಿ ಅಂಗಿ, ಬಿಳಿ ಪ್ಯಾಂಟು ತೊಟ್ಟು ಹರಿಹರಕ್ಕೆ ಹೋಗುತ್ತಿರಲಿಲ್ಲ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಅವನದು ಸೋಫಾ ರಿಪೇರಿ ಅಂಗಡಿ. ಅಂಗಡಿಯ ಟಿ.ವಿ.ಯಲ್ಲಿ ಕ್ರಿಕೆಟ್ಟೋ ಕಬಡ್ಡಿಯೋ ಸದಾ ನಡೆದಿರಬೇಕು. ಬೆಂಗಳೂರಿನ ತಂಡ ಸೋತ ದಿನ ಅವನು ಹೊಡೆದ ಮೊಳೆಗಳೆಲ್ಲ ಸೊಟ್ಟ. ಅದೇ ಮನುಷ್ಯ, ಎಂಟನೇ ಕ್ಲಾಸಿನ ಮಗಳು ಫಿಜಾ ಕಬಡ್ಡಿ ಆಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ಇವತ್ತು ಬಂದೇ ಬರುತ್ತೇನೆಂದು ಮಾತು ಕೊಟ್ಟಿದ್ದ. ಗೆದ್ದ ತಂಡ ಮುಂದಿನ ಸುತ್ತಿಗೆ ಮೈಸೂರಿಗೆ ಹೋಗುವುದಿತ್ತು.

ಗೆಳೆಯ ರಜಾಕನ ಆಟೊದಲ್ಲಿ ಹೊರಟರು. ಫಿಜಾಳ ಜೊತೆಗೆ ಅದೇ ತಂಡದ ವಾಣಿ, ವಾಣಿಯ ಅಜ್ಜಿ ಸರ್ವಮಂಗಳಮ್ಮ. ಓಣಿಯ ಯಾವ ಮದುವೆ, ಯಾವ ಜಗಳವೂ ಈ ಅಜ್ಜಿಯ ಮೊಬೈಲಿನಿಂದ ತಪ್ಪಿಸಿಕೊಂಡದ್ದಿಲ್ಲ.

ಹರಿಹರದ ಮೈದಾನದಲ್ಲಿ ಕಾಲಿಡುತ್ತಲೇ ಪಂದ್ಯ ನಡೆಸುತ್ತಿದ್ದ ರಾಮಚಂದ್ರಪ್ಪ ಮಾಸ್ತರು ಓಡಿ ಬಂದು ಮಸ್ತಾನಸಾಬನ ಕೈ ಹಿಡಿದರು.

"ಎಷ್ಟೊತ್ತಿಗ್ರೀ ಬರೋದು? ಬರ್ರಿ, ಆ ಗೆರಿ ಹತ್ರ ನಿಂದ್ರಿ. ಕಾಲು ಹೊರಗ ಬಿದ್ರೆ ಕೈ ಎತ್ರಿ, ಅಷ್ಟಾ."

"ಸಾರ್, ನಾನು ಅಂಪೈರ್ ಅಲ್ರಿ. ನನ್ ಮಗಳು ಆಡ್ತಾಳೆ..."

"ಎಲ್ಲಾರ ಮಕ್ಳೂ ಆಡ್ತಾರ್ರಿ. ಅದಕ್ಕಾ ಇಷ್ಟು ಜನ ಸೇರಿರದು!"

ಬಿಳಿ ಬಟ್ಟೆ ಕಂಡವರೇ ಅಂಪೈರ್ ಎಂದುಕೊಂಡಿದ್ದ ಮಾಸ್ತರು ಸೀಟಿ ಊದಿಯೇ ಬಿಟ್ಟರು. ಮಸ್ತಾನಸಾಬ್ ಪ್ಲಾಸ್ಟಿಕ್ ಕವರ್ ಬಿಚ್ಚದ ಹೊಸ ಸೋಫಾದಂತೆ ಗೆರೆಯ ಪಕ್ಕ ಬಿಗಿದು ನಿಂತ.

ನಿಂತ ಮೇಲೆ ಅವನಿಗೆ ಒಂದು ವಿಷಯ ಅರಿವಾಯಿತು. ಟಿ.ವಿ.ಯ ತಂಡ ಸೋತರೆ ನಾಲ್ಕು ಮಾತು ಬೈದು, ಉಂಡು ಮಲಗಬಹುದು. ಇಲ್ಲಿ ಸೋತ ತಂಡ ಮನೆಗೇ ಬರುತ್ತದೆ, ಎದುರಿಗೇ ತಟ್ಟೆ ಹಾಕಿಕೊಂಡು ಕೂರುತ್ತದೆ. ಫಿಜಾ ಮೊಣಕಾಲು ತರಚಿಕೊಂಡು ಎದ್ದಾಗಲೆಲ್ಲ ಅವನು ತನ್ನ ಮೊಣಕಾಲು ಸವರಿಕೊಂಡ.

ಕೊನೆಯ ರೈಡಿಗೆ ಎರಡೂ ಕಡೆ ಸಮಸಮ. ಫಿಜಾ "ಕಬಡ್ಡಿ ಕಬಡ್ಡಿ" ಎನ್ನುತ್ತ ನುಗ್ಗಿ ಒಬ್ಬಳನ್ನು ಮುಟ್ಟಿದಳು. ಇಬ್ಬರು ಹಿಡಿಯಲು ಬಂದರು. ಅವರಿಂದ ನುಣುಚಿ, ಗೆರೆಯ ಅಂಚಿನಲ್ಲೇ ಜಾರುತ್ತ ವಾಪಸಾದಳು. ಧೂಳೋ ಧೂಳು. ಇಡೀ ಮೈದಾನ ಮಸ್ತಾನಸಾಬನತ್ತ ತಿರುಗಿತು.

ಅವನು ಕೈ ಎತ್ತಿದ. ಔಟ್!

ಎದುರಾಳಿ ಹರಿಹರದ ಹುಡುಗಿಯರು ಕುಣಿದಾಡಿದರು. ಫಿಜಾ ಅಪ್ಪನನ್ನೊಮ್ಮೆ ನೋಡಿದಳು. ಉಳಿದವರು ಊಟಕ್ಕೆ ಕೂತರೆ ಅವಳು ಹೋಗಿ ಆಟೊದಲ್ಲಿ ಕೂತಳು. ವಾಣಿಯೂ ಗೆಳತಿಯ ಹಿಂದೆಯೇ ಬಂದಳು.

"ಹೆತ್ತ ಮಗಳಿಗೆ ಔಟ್ ಕೊಡೋನ್ನ ಇವತ್ತಾ ನೋಡಿದ್ದು," ಎಂದರು ಸರ್ವಮಂಗಳಮ್ಮ.

"ನ್ಯಾಯ ಅಂದ್ರೆ ನ್ಯಾಯ, ಅಮ್ಮಾರ," ಎಂದ ಮಸ್ತಾನಸಾಬ್.

ಆಟೊ ಇನ್ನೂ ಹರಿಹರ ದಾಟಿರಲಿಲ್ಲ. ಮೊಬೈಲ್ ನೋಡುತ್ತಿದ್ದ ಸರ್ವಮಂಗಳಮ್ಮ ಚೀರಿದರು. "ರಜಾಕ, ನಿಲ್ಸೋ ಗಾಡಿ!"

ಅಜ್ಜಿ ತೆಗೆದಿದ್ದ ಪಂದ್ಯದ ವಿಡಿಯೊದಲ್ಲಿ ಎಲ್ಲ ನಿಚ್ಚಳವಾಗಿತ್ತು. ಗೆರೆ ತುಳಿದದ್ದು ಹಿಡಿಯಲು ಬಂದ ಹುಡುಗಿಯ ಕಾಲು. ಫಿಜಾಳ ಕಾಲು ನಾಲ್ಕು ಬೆರಳು ಒಳಗೇ ಇತ್ತು.

ಮಸ್ತಾನಸಾಬ್ ಎರಡು ಸಲ ನೋಡಿದ. ಮೂರನೇ ಸಲ ನೋಡಲಾಗಲಿಲ್ಲ.

"ತಿರುಗ್ಸು ರಜಾಕ್."

"ಮುಗಿದ ಮ್ಯಾಚಿಗೆ ಹೋಗಿ ಏನ್ ಮಾಡ್ತೀಯ ಭಾಯ್?"

"ಕಾಲಿಗೆ ಬೀಳ್ತೀನಿ. ತಿರುಗ್ಸು!"

ಊಟದ ಪಂಕ್ತಿ ಇನ್ನೂ ಎದ್ದಿರಲಿಲ್ಲ. ಮಸ್ತಾನಸಾಬ್ ಎಲ್ಲರೆದುರು ತಪ್ಪೊಪ್ಪಿಕೊಂಡ. ತಾನು ಅಂಪೈರೇ ಅಲ್ಲ, ಈ ಹುಡುಗಿಯ ಅಪ್ಪ ಎಂದ. ವಿಡಿಯೊ ಕೈಯಿಂದ ಕೈಗೆ ಹೋಯಿತು. ರಾಮಚಂದ್ರಪ್ಪ ಮಾಸ್ತರು ಎರಡೂ ತಂಡದವರ ಜೊತೆ ಮಾತಾಡಿದರು. ಹರಿಹರದ ಹುಡುಗಿಯರು ದೊಡ್ಡ ಮನಸ್ಸು ಮಾಡಿದರು. ಕೊನೆಯ ರೈಡ್ ಒಂದನ್ನೇ ಮತ್ತೆ ಆಡುವುದೆಂದಾಯಿತು.

"ಈ ಸಲ ಗೆರಿ ಹತ್ರ ಬೇರೆಯೋರ್ನ ನಿಲ್ಸ್ರಿ ಸಾರ್," ಎಂದು ಮಸ್ತಾನಸಾಬ್ ಕೈಮುಗಿದ.

ಮಾಸ್ತರ ಕಣ್ಣು ತುಂಬಿತ್ತು. "ಇಲ್ರೀ. ಮಗಳಿಗಾ ಔಟ್ ಕೊಟ್ರಿ, ತಪ್ಪು ಅಂತ ಗೊತ್ತಾದ ಮ್ಯಾಲೆ ತಿರುಗಿ ಬಂದ್ರಿ. ನಿಮ್ಮನ್ನ ಬಿಟ್ಟು ಯಾರನ್ನ ನಂಬ್ಲಿ? ನೀವಾ ನಿಂದ್ರಿ."

ಜನ ಚಪ್ಪಾಳೆ ತಟ್ಟಿದರು. ಮಸ್ತಾನಸಾಬ್ ಮತ್ತೆ ಗೆರೆಯ ಪಕ್ಕ ನಿಂತ.

ಫಿಜಾ ನುಗ್ಗಿದಳು. ಮುಟ್ಟಿದಳು. ತಿರುಗಿ ಓಡುವಾಗ ಅವಳ ಎಡಗಾಲು ಅಪ್ಪನ ಬೂಟಿನ ಪಕ್ಕದಲ್ಲೇ, ಸುಣ್ಣದ ಗೆರೆಯಾಚೆ ಬಿತ್ತು. ಧೂಳಿರಲಿಲ್ಲ. ಮಸ್ತಾನಸಾಬನ ಬಲಗೈ ಅರ್ಧ ಎದ್ದಿತು. ಸ್ವಲ್ಪ ಹೊತ್ತಿನ ಮುಂಚೆ ಆಟೊದಲ್ಲಿ ಕಂಡ ಮಗಳ ಮುಖ ನೆನಪಾಯಿತು. ಕೈ ಮೇಲೆ ಹೋಗುವ ಬದಲು ಗಡ್ಡ ಕೆರೆಯಿತು.

ಮಾಸ್ತರು ಸೀಟಿ ಊದಿದರು. ದಾವಣಗೆರೆ ಗೆದ್ದಿತು! ಸರ್ವಮಂಗಳಮ್ಮ ಶಿಳ್ಳೆ ಹೊಡೆದರು. ವಾಣಿ ಬಂದು ಫಿಜಾಳನ್ನು ಎತ್ತಿಕೊಂಡಳು.

ಫಿಜಾ ಕೊಸರಿ ಇಳಿದಳು. ನೇರ ಮಾಸ್ತರ ಬಳಿ ಹೋದಳು.

"ಸಾರ್, ನನ್ ಕಾಲು ಹೊರಗ ಬಿತ್ತು. ನಾನು ಔಟ್."

ರಾಮಚಂದ್ರಪ್ಪ ಮಾಸ್ತರು ಮಸ್ತಾನಸಾಬನ ಮುಖ ನೋಡಿದರು. ಅವನು ನೆಲ ನೋಡಿದ. ಹರಿಹರದ ಹುಡುಗಿಯರು ಒಂದೇ ಮಧ್ಯಾಹ್ನದಲ್ಲಿ ಎರಡನೇ ಸಲ ಕುಣಿದಾಡಿದರು. ಅವರ ನಾಯಕಿ ಫಿಜಾಳನ್ನು ತಬ್ಬಿಕೊಂಡಳು. ಮಸ್ತಾನಸಾಬನಿಗೆ ನೀರು ಬೇಕೇ ಎಂದು ಕೇಳುವವರೂ ಇರಲಿಲ್ಲ.

ವಾಪಸು ಹೊರಟಾಗ ಸರ್ವಮಂಗಳಮ್ಮ ಮುಖ ತಿರುಗಿಸಿ ಕೂತರು. ವಾಣಿ ಅತ್ತು ಅತ್ತು ನಿದ್ದೆ ಹೋದಳು. ದಾವಣಗೆರೆಯ ಮನೆಗಳು ಕಾಣುವ ಹೊತ್ತಿಗೆ ಫಿಜಾ ಅಪ್ಪನನ್ನು ಮೆಲ್ಲಗೆ ಕೇಳಿದಳು.

"ಅಬ್ಬಾ, ಮೊದಲ್ನೇ ಸಲ ನನ್ ಕಾಲು ಎಲ್ಲಿ ಬಿತ್ತು ಅಂತ ನೋಡಿದ್ಯಾ?"

"ಇಲ್ಲಮ್ಮ. ಹೆದರಿ ಕಣ್ಣಾ ಮುಚ್ಚಿದ್ದೆ. ಮಗಳ ಕಡೆ ಮಾಡ್ದ ಅಂತಾರಲ್ಲ ಅಂತ ಕೈ ಎತ್ತಿಬಿಟ್ಟೆ."

"ಎರಡ್ನೇ ಸಲ?"

"ಅದನ್ನ ಕಣ್ತುಂಬಾ ನೋಡಿದೆ."

ಫಿಜಾ ಅಪ್ಪನ ಬಿಳಿ ತೋಳಿನ ಮೇಲಿನ ಧೂಳು ಕೊಡವಿದಳು.

"ಮುಂದಿನ ವಾರ ಕೊಂಡಜ್ಜಿಯಾಗ ಮ್ಯಾಚ್ ಐತೆ ಅಬ್ಬಾ. ಬರ್ಬ್ಯಾಡ ಅನ್ನಲ್ಲ, ಬಾ. ಆದ್ರೆ ಯಾರು ಕೈ ಹಿಡಿದು ಎಳೆದ್ರೂ ಕೂತಲ್ಲಿಂದ ಏಳ್ಬ್ಯಾಡ."